ಮೈಸೂರಿನಲ್ಲೊಂದು ಕಾಳುಮೆಣಸು

ವಿಶ್ವ ಎಷ್ಟು ದೊಡ್ಡದು ಅನ್ನೋ ಮಾತು ಬಂದರೆ ಸಾಕು, ಯಾರಾದರೊಬ್ಬರು ಗಂಟಲು ಸರಿಮಾಡಿಕೊಂಡು "ಅದರ ಮುಂದೆ ನಾವೆಷ್ಟರವರು ಹೇಳಿ" ಅಂತ ಶುರು ಮಾಡುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೂ ಇದು ಆಗಾಗ ಬರುತ್ತಿರುತ್ತದೆ. ಕಪ್ಪು ಚಿತ್ರ, ಅದರಲ್ಲೊಂದು ಚುಕ್ಕೆ, ಕೆಳಗೆ ಅಹಂಕಾರ ಬಿಡಿ ಅನ್ನೋ ಉಪದೇಶ, ಕೊನೆಗೆ ಕೈಮುಗಿದ ಇಮೋಜಿಗಳ ಸಾಲು. ಕಳಿಸುವ ಮಹಾನುಭಾವರು ಪಾರ್ಕಿಂಗ್ ಗೆರೆ ಅರ್ಧ ಅಡಿ ಆಚೀಚೆ ಆಯಿತು ಅಂತ ಪಕ್ಕದ ಫ್ಲ್ಯಾಟಿನವರ ಹತ್ತಿರ ಮಾತು ಬಿಟ್ಟವರು. ನಾನು ಅವರನ್ನು ಆಡಿಕೊಳ್ಳುವುದಿಲ್ಲ. ವಿಶ್ವ ಎಷ್ಟೇ ದೊಡ್ಡದಿರಲಿ, ಕಾರಿನ ಬಾಗಿಲು ತೆಗೆಯೋಕೆ ಆ ಅರ್ಧ ಅಡಿ ಬೇಕೇ ಬೇಕಲ್ಲ.

ಚಿತ್ರವೇನೋ ನಿಜವಾದದ್ದೇ. 1990ರ ಫೆಬ್ರವರಿ 14ರಂದು ವಾಯೇಜರ್ 1 ನೌಕೆ ಸುಮಾರು 600 ಕೋಟಿ ಕಿ.ಮೀ. ದೂರದಿಂದ ಹಿಂದಕ್ಕೆ ತಿರುಗಿ ತೆಗೆದದ್ದು. ಆ ಚುಕ್ಕೆ ನಮ್ಮ ಭೂಮಿ. ನನಗೆ ಕಿರಿಕಿರಿ ಆಗುವುದು ಕೆಳಗಿನ ಉಪದೇಶದಿಂದ. ಈ ಊರಲ್ಲಿ ಬೆಳಿಗ್ಗೆ ಮೆಟ್ರೋ ಹತ್ತಿ ಒಂದು ಕಾಲಲ್ಲಿ ನಿಂತು ಆಫೀಸಿಗೆ ಹೋಗುವವನಿಗೆ ತಾನು ಚಿಕ್ಕವನು ಅಂತ ಹೇಳೋಕೆ ವಿಶ್ವವೇ ಬರಬೇಕಾಗಿಲ್ಲ.

ಬೆಂಗಳೂರಿನವರಿಗೆ ಅಳತೆಯ ಅಂದಾಜು ಚೆನ್ನಾಗಿಯೇ ಇದೆ. ಥರ್ಟಿ ಫಾರ್ಟಿ ಅಂದ ತಕ್ಷಣ ಕೆಳಗೆ ಓನರ್ ಮನೆ, ಮೂಲೆಯಲ್ಲಿ ಸಂಪು, ಮೇಲೆ ಎರಡು ಬಾಡಿಗೆ ಮನೆ, ಎಲ್ಲ ಕಣ್ಣ ಮುಂದೆ ಬಂದುಬಿಡುತ್ತದೆ. ಗುಂಟೆ ಅಂದರೂ ಗೊತ್ತು. ಆದರೆ ಕಾಣಬಹುದಾದ ವಿಶ್ವದ ಅಡ್ಡಳತೆ 9,300 ಕೋಟಿ ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಹೋಗುವ ದೂರವೇ ಒಂದು ಜ್ಯೋತಿರ್ವರ್ಷ) ಅಂದರೆ ಏನು ಬರುತ್ತದೆ ಕಣ್ಣ ಮುಂದೆ? ಏನೂ ಇಲ್ಲ. ಒಂದು ಸೊನ್ನೆ ಕಮ್ಮಿ ಮಾಡಿ 930 ಕೋಟಿ ಅಂದಿದ್ದರೂ ಹೂಂ ಅಂತ ತಲೆಯಾಡಿಸುತ್ತಿದ್ದೆವು.

ಅದಕ್ಕೇ ಒಂದು ಭಾನುವಾರ, ಅಕ್ಕನ ಮಗಳು ಮನೆಗೆ ಬಂದಿದ್ದಾಗ, ಅಡುಗೆಮನೆ ಡಬ್ಬಗಳನ್ನೆಲ್ಲ ಕೆಳಗಿಳಿಸಿ ಕೂತೆವು. ಒಂದು ಕಾಳುಮೆಣಸು ಆರಿಸಿದೆವು, ಸುಮಾರು ಐದು ಮಿ.ಮೀ. ಗಾತ್ರದ್ದು. ಅದು ಸೂರ್ಯ. ನಿಜವಾದ ಸೂರ್ಯನ ಅಡ್ಡಳತೆ ಸುಮಾರು 14 ಲಕ್ಷ ಕಿ.ಮೀ.; ಅದನ್ನು ಐದು ಮಿ.ಮೀ.ಗೆ ಇಳಿಸಿದರೆ ಉಳಿದದ್ದೂ ಅದೇ ಲೆಕ್ಕದಲ್ಲಿ ಇಳಿಯಬೇಕು. ಭೂಮಿಗೆ ಏನಿಡೋದು ಅಂತ ಡಬ್ಬ ಡಬ್ಬ ಹುಡುಕಿದೆವು. ಸಾಸಿವೆ ತುಂಬಾ ದೊಡ್ಡದಾಯಿತು. ಉಪ್ಪಿಟ್ಟಿನ ರವೆಯೂ ದೊಡ್ಡದೇ, ಅದು ಗುರುಗ್ರಹಕ್ಕೆ ಸರಿಹೋಯಿತು. ಕೊನೆಗೆ ಭೂಮಿಗೆ ಸಿಕ್ಕಿದ್ದು ರಾಗಿ ಹಿಟ್ಟಿನ ಒಂದು ಕಣ, ಒಂದು ಮಿ.ಮೀ.ನಲ್ಲಿ ಇಪ್ಪತ್ತನೇ ಒಂದು ಭಾಗ. ಅದನ್ನು ಮೆಣಸಿನಿಂದ 54 ಸೆಂ.ಮೀ. ದೂರದಲ್ಲಿಟ್ಟೆವು. ಇಟ್ಟೆವು ಅಂತ ನಂಬಿಕೆ, ಯಾಕೆಂದರೆ ಬೆರಳು ತೆಗೆದ ಮೇಲೆ ಅದು ಎಲ್ಲಿ ಹೋಯಿತೋ ಇಬ್ಬರಿಗೂ ಕಾಣಲಿಲ್ಲ.

ಗುರು ಹಾಲ್‌ನಲ್ಲೇ ಉಳಿಯಿತು, ಮೂರು ಮೀಟರ್‌ಗೂ ಕಮ್ಮಿ. ಶನಿ ಚಪ್ಪಲಿ ಸ್ಟ್ಯಾಂಡ್ ಪಕ್ಕ, ಐದು ಮೀಟರ್. ಯುರೇನಸ್ ಕಾರಿಡಾರಿನಲ್ಲಿ ಹತ್ತು ಮೀಟರ್ ದಾಟಿ ಲಿಫ್ಟ್ ಹತ್ತಿರ ಬಂತು. ನೆಪ್ಚೂನ್‌ಗೆ 16 ಮೀಟರ್ ಬೇಕು, ಅದು ಎದುರು ಮನೆಯವರ ಹಾಲ್ ಒಳಗೆ ಬರುತ್ತದೆ. ನಾವು ಟೇಪ್ ಹಿಡಿದು ಅವರ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತಿರುವಾಗಲೇ ಆಂಟಿ ಬಾಗಿಲು ತೆಗೆದರು. "ಏನ್ರೀ, ಏನಾದ್ರೂ ಬಿದ್ದುಹೋಯ್ತಾ?" ಅಂದರು. "ಇಲ್ಲ ಆಂಟಿ, ನೆಪ್ಚೂನ್ ನಿಮ್ಮ ಮನೇಲಿದೆ" ಅಂದಳು ಇವಳು. ಆಂಟಿ ಒಂದು ಸಲ ನನ್ನ ಮುಖ ನೋಡಿ, "ಕಾಫಿ ಕುಡೀತೀರಾ?" ಅಂದರು.

ಈ ಲೆಕ್ಕದಲ್ಲಿ ಚಂದ್ರ ಎಲ್ಲಿದ್ದಾನೆ ಗೊತ್ತಾ? ರಾಗಿ ಕಣದಿಂದ ಒಂದೂವರೆ ಮಿ.ಮೀ. ಕೂಡ ಇಲ್ಲ. ಮನುಷ್ಯ ಇಳಿದು ಓಡಾಡಿ ಬಂದಿರುವುದು ಅಷ್ಟು ದೂರಕ್ಕೆ ಮಾತ್ರ. ಆ ಒಂದೂವರೆ ಮಿ.ಮೀ. ದಾಟಿ ವಿಕ್ರಮ್ ಲ್ಯಾಂಡರ್ ನಿಧಾನಕ್ಕೆ ಇಳಿಯೋದನ್ನ ನೋಡೋಕೆ 2023ರ ಆಗಸ್ಟ್ 23ರ ಸಂಜೆ ಈ ಊರಿಗೆ ಊರೇ ಉಸಿರು ಬಿಗಿಹಿಡಿದು ಟಿವಿ ಮುಂದೆ ಕೂತಿತ್ತು, ಆಮೇಲೆ ಸಿಹಿ ಹಂಚಿದೆವು, ಪಟಾಕಿ ಹೊಡೆದೆವು. ಹೊಡೆಯಲೇಬೇಕಿತ್ತು. ಒಂದೂವರೆ ಮಿ.ಮೀ. ಅಂದರೆ ನಿಜಕ್ಕೂ 3,84,000 ಕಿ.ಮೀ.; ದಕ್ಷಿಣ ಧ್ರುವದ ಹತ್ತಿರ ಆವರೆಗೆ ಯಾರೂ ಸುಸೂತ್ರವಾಗಿ ಇಳಿದಿರಲಿಲ್ಲ.

ಇನ್ನೂ ತಮಾಷೆ ಅಂದರೆ ಬೆಳಕು. ಸೆಕೆಂಡಿಗೆ 3 ಲಕ್ಷ ಕಿ.ಮೀ. ಹೋಗುತ್ತದೆ, ಅದಕ್ಕಿಂತ ವೇಗ ಇನ್ನೊಂದಿಲ್ಲ ಅಂತ ಶಾಲೆಯಲ್ಲಿ ಉರು ಹೊಡೆದಿದ್ದೆವಲ್ಲ, ಅದು ನಮ್ಮ ಹಾಲ್ ನೆಲದ ಮೇಲೆ ಸೆಕೆಂಡಿಗೆ ಒಂದು ಮಿ.ಮೀ. ತೆವಳುತ್ತದೆ. ಮೆಣಸಿನಿಂದ ರಾಗಿ ಕಣಕ್ಕೆ ಬರೋಕೆ ಎಂಟು ನಿಮಿಷದ ಮೇಲೆ. ಸಕ್ಕರೆ ಡಬ್ಬ ಹುಡುಕಿಕೊಂಡು ಹೊರಟ ಇರುವೆ ಅದನ್ನು ಆರಾಮಾಗಿ ಹಿಂದೆ ಹಾಕುತ್ತದೆ.

ಇಷ್ಟು ಹೊತ್ತೂ ಮನೆ, ಕಾರಿಡಾರು, ಆಂಟಿ ಮನೆ, ಇಷ್ಟರಲ್ಲೇ ಇದ್ದೆವು. ಸೂರ್ಯ ಬಿಟ್ಟರೆ ನಮಗೆ ಹತ್ತಿರದ ನಕ್ಷತ್ರ ಎಲ್ಲಿ ಬರುತ್ತದೆ ಅಂತ ಲೆಕ್ಕ ಹಾಕಿದರೆ ಬೀದಿ ದಾಟಿತು, ಏರಿಯಾ ದಾಟಿತು, ಊರೂ ದಾಟಿ ಮೈಸೂರಿಗೆ ಹೋಗಿ ನಿಂತಿತು. 140 ಚಿಲ್ಲರೆ ಕಿಲೋಮೀಟರ್. ಮೈಸೂರಿನಲ್ಲಿ ಎರಡು ಕಾಳುಮೆಣಸು, ಆಲ್ಫಾ ಸೆಂಟಾರಿ ಜೋಡಿ. ಅದಕ್ಕೆ ನಾಲ್ಕೈದು ಕಿ.ಮೀ. ಈಚೆಗೆ ಗಸಗಸೆ ಕಾಳಿನಷ್ಟು ಪ್ರಾಕ್ಸಿಮಾ, ಎಲ್ಲಕ್ಕಿಂತ ಹತ್ತಿರದ ಆ ನಕ್ಷತ್ರ ಇದೇ. ನಡುವೆ? ಅಲ್ಲಲ್ಲಿ ತೀರಾ ತೆಳುವಾದ ಅನಿಲ, ಧೂಳು ಬಿಟ್ಟರೆ ಖಾಲಿ. ಬಿಡದಿ ಖಾಲಿ, ತಟ್ಟೆ ಇಡ್ಲಿ ಇಲ್ಲ. ರಾಮನಗರ ಖಾಲಿ. ಚನ್ನಪಟ್ಟಣದಲ್ಲಿ ಒಂದು ಗೊಂಬೆ ಇಲ್ಲ, ಮದ್ದೂರಿನಲ್ಲಿ ವಡೆ ಇಲ್ಲ, ಮಂಡ್ಯದಲ್ಲಿ ಕಬ್ಬಿಲ್ಲ. ಬೇರೆ ದಿಕ್ಕು ಹಿಡಿದು ಹೋಗೋಣ ಅಂದರೆ ಅಲ್ಲಿ ಇನ್ನೂ ದೂರ, ಬರ್ನಾರ್ಡ್ ಅನ್ನೋ ನಕ್ಷತ್ರ ಚಿತ್ರದುರ್ಗದಷ್ಟು ದೂರ ಕೂತಿದೆ. ಜಾಗ ಇಲ್ಲ, ಜಾಗ ಇಲ್ಲ ಅಂತ ಬಡಿದಾಡುವ ಈ ಊರಿನವನಾಗಿ ನನಗೆ ಆ ಖಾಲಿ ಜಾಗ ನೋಡಿ ಹೊಟ್ಟೆ ಉರಿಯಿತು.

ಆಕಾಶಗಂಗೆ ಪೂರ್ತಿ ಎಷ್ಟಾಗುತ್ತೆ ಅಂತಲೂ ನೋಡಿದೆವು. ಅದರ ಅಡ್ಡಳತೆ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ, ನಮ್ಮ ಲೆಕ್ಕದಲ್ಲಿ 34 ಲಕ್ಷ ಕಿ.ಮೀ. ಅಂದರೆ ಸೂರ್ಯನನ್ನು ಮೆಣಸು ಮಾಡಿದರೂ ಆಕಾಶಗಂಗೆ ನಿಜವಾದ ಚಂದ್ರನನ್ನೂ ದಾಟಿಕೊಂಡು ಹೋಯಿತು. ಆಮೇಲಿನದನ್ನ ಕೈಬಿಟ್ಟೆವು.

ಇದನ್ನೆಲ್ಲ ಮಾಡಿದ ಮೇಲೆ ನನಗೆ ಅನಿಸಿದ್ದು, ನಾವು ಚಿಕ್ಕವರು ಅನ್ನೋದಕ್ಕೆ ಜನ ಸುಮ್ನೆ ಜಾಸ್ತಿ ಬೆಲೆ ಕೊಡುತ್ತಾರೆ. ಚಿಕ್ಕದಾದರೇನು, ಸೂರ್ಯನೂ ಚಿಕ್ಕವನೇ, ಮೆಣಸು. ಆಕಾಶಗಂಗೆಯಲ್ಲಿರುವ ಹತ್ತು ಸಾವಿರ ಕೋಟಿಗೂ ಹೆಚ್ಚು ನಕ್ಷತ್ರಗಳಲ್ಲಿ ಅವನೂ ಒಬ್ಬ. ಹೆದರಿಕೆ ಆಗಬೇಕಾದದ್ದು ದೂರ ನೋಡಿ. ಒಂದು ಲೋಟ ಹಾಲು ಬೇಕಾದರೆ ತಟ್ಟೋಕೆ ಪಕ್ಕದಲ್ಲಿ ಒಂದು ಬಾಗಿಲಿಲ್ಲ.

ಹಾಗಂತ ಸುಮ್ಮನೆ ಕೂತವರಲ್ಲ ನಾವು. 1977ರಲ್ಲಿ ಹಾರಿಸಿದ ಆ ವಾಯೇಜರ್ 1 ಇನ್ನೂ ಹೋಗುತ್ತಲೇ ಇದೆ. ಸೆಕೆಂಡಿಗೆ 17 ಕಿ.ಮೀ. ವೇಗ. ಮನುಷ್ಯ ಮಾಡಿದ ಯಾವ ವಸ್ತುವೂ ಅಷ್ಟು ದೂರ ಹೋಗಿಲ್ಲ. ನಮ್ಮ ಮೆಣಸಿನ ಲೆಕ್ಕದಲ್ಲಿ ವರ್ಷಕ್ಕೆ ಎರಡು ಮೀಟರ್ ನಡೆದು, ಈಗ ಸುಮಾರು 90 ಮೀಟರ್ ದಾಟಿ ನಮ್ಮ ಬೀದಿ ತುದಿಯ ಬೇಕರಿ ಹತ್ತಿರ ಇದೆ. ಮೈಸೂರಿಗೆ ಯಾವಾಗ ಮುಟ್ಟುತ್ತೆ ಅಂತ ಕೇಳಬೇಡಿ, ಅದು ಹೋಗುತ್ತಿರುವುದು ಆ ರೂಟಲ್ಲೇ ಅಲ್ಲ. ಅದರ ಮೈಮೇಲೆ ಬಂಗಾರದ ಲೇಪ ಹಾಕಿದ ಒಂದು ತಾಮ್ರದ ತಟ್ಟೆ ಇದೆ, 55 ಭಾಷೆಗಳಲ್ಲಿ ನಮಸ್ಕಾರ ಹೇಳಿರುವ ಧ್ವನಿಮುದ್ರಿಕೆ. ಅದರಲ್ಲಿ ಕನ್ನಡವೂ ಇದೆ: "ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು." ಎಷ್ಟು ನೀಟಾದ ಮಾತು ನೋಡಿ. ಮಾನವಕುಲ, ವಿಶ್ವಶಾಂತಿ ಅಂತ ಉದ್ದಕ್ಕೆ ಎಳೆದಿಲ್ಲ. ಮದುವೆ ಮನೆಗೆ ಸಂಘದ ಕಡೆಯಿಂದ ಬಂದವರು ಮೈಕ್ ಹಿಡಿದು ಎರಡು ಮಾತಾಡಿ ಊಟಕ್ಕೆ ಹೋದ ಹಾಗಿದೆ.

ಆ ತಟ್ಟೆಯ ಮುಚ್ಚಳದ ಮೇಲೆ ನಮ್ಮ ವಿಳಾಸವನ್ನೂ ಕೆತ್ತಿದ್ದಾರೆ. ನಂಬರ್, ಕ್ರಾಸು, ಮೇನು ಹೇಳಿದರೆ ಅಲ್ಲಿ ಯಾರಿಗೆ ಗೊತ್ತಾಗಬೇಕು? ಹಾಗಾಗಿ ಲ್ಯಾಂಡ್‌ಮಾರ್ಕ್ ಕೊಟ್ಟಿದ್ದಾರೆ. ಲೆಕ್ಕ ಹಿಡಿದು ಮಿನುಗುವ, ಪಲ್ಸಾರ್ ಅನ್ನೋ 14 ನಕ್ಷತ್ರಗಳು, ಒಂದೊಂದೂ ಎಷ್ಟು ಹೊತ್ತಿಗೊಮ್ಮೆ ಮಿನುಗುತ್ತದೆ, ಸೂರ್ಯ ಅದರಿಂದ ಯಾವ ಕಡೆ ಎಷ್ಟು ದೂರ, ಅಷ್ಟೇ. ಒಳ್ಳೆ ಉಪಾಯವೇ. ಆದರೆ ಪಲ್ಸಾರ್‌ಗಳ ಮಿನುಗು ಕಾಲ ಕಳೆದ ಹಾಗೆ ನಿಧಾನ ಆಗುತ್ತದೆ, ಅವು ಜಾಗವನ್ನೂ ಬದಲಿಸುತ್ತಿರುತ್ತವೆ. ಯಾವಾಗಲೋ ಯಾರೋ ಹುಡುಕಿಕೊಂಡು ಬಂದರೆ, ಕಪಾಲಿ ಥಿಯೇಟರ್ ಕೆಡವಿದ ಮೇಲೂ "ಕಪಾಲಿ ಹತ್ತಿರ ಬಂದು ಫೋನ್ ಮಾಡಿ" ಅಂತ ಹೇಳಿಸಿಕೊಂಡವರ ಪಾಡು ಅವರದ್ದೂ.

ಅಷ್ಟಕ್ಕೂ ಅವರು ಬರುವ ಹೊತ್ತಿಗೆ ನಾವೇ ಇಲ್ಲಿರುವುದಿಲ್ಲ. ಸೂರ್ಯ ನಮ್ಮನ್ನೆಲ್ಲ ಕಟ್ಟಿಕೊಂಡು ಆಕಾಶಗಂಗೆಯ ನಡುಮಧ್ಯವನ್ನು ಸುತ್ತುತ್ತಾ ಇದ್ದಾನೆ, ಸೆಕೆಂಡಿಗೆ 220 ಕಿ.ಮೀ. ಆಸುಪಾಸು. ನೀವು ಒಂದು ಸಲ ರೆಪ್ಪೆ ಹೊಡೆಯೋ ಹೊತ್ತಿಗೆ ಎಷ್ಟೋ ಊರು ದಾಟಿರುತ್ತೀರಿ. ಒಂದು ಸುತ್ತಿಗೆ ಸುಮಾರು 23 ಕೋಟಿ ವರ್ಷ. ಹಿಂದಿನ ಸುತ್ತಿನಲ್ಲಿ ನಾವು ಇದೇ ಜಾಗದಲ್ಲಿದ್ದಾಗ ಡೈನೋಸಾರ್‌ಗಳು ಆಗತಾನೇ ಶುರುವಾಗಿದ್ದವು. ಲಾಲ್‌ಬಾಗ್‌ನಲ್ಲಿ ಕೆಂಪೇಗೌಡರ ಗೋಪುರ ನಿಂತಿದೆಯಲ್ಲ, ಆ ಬಂಡೆಗೆ 300 ಕೋಟಿ ವರ್ಷ ಅಂತ ಭೂವಿಜ್ಞಾನದವರು ಅಲ್ಲೇ ಬೋರ್ಡ್ ಹಾಕಿದ್ದಾರೆ. ಭಾಗಿಸಿ ನೋಡಿ, ಹದಿಮೂರು ಸುತ್ತು. ಬೆಳಿಗ್ಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ಬರುವ ಹಿರಿಯರು "ನಂದು ಇವತ್ತು ಮೂರು ರೌಂಡು" ಅಂತ ಹೇಳಿಕೊಂಡು ಅದೇ ಬಂಡೆ ಮೇಲೆ ಕೂತು ಸುಧಾರಿಸಿಕೊಳ್ಳುತ್ತಾರೆ.

ಈ ಊರಿನ ಆಕಾಶದಲ್ಲಿ ಇದೆಲ್ಲ ಕಾಣುವುದಿಲ್ಲ, ಸರಿ. ಬೀದಿ ದೀಪ, ಮಾಲ್ ದೀಪ, ಮೇಲೆ ಧೂಳು. ಆದರೆ ಹೊಸಕೋಟೆ ಅಂದರೆ ಬೆಳಗಿನ ಜಾವದ ಬಿರಿಯಾನಿ ಮಾತ್ರ ಅಂದುಕೊಂಡವರಿಗೆ ಒಂದು ವಿಷಯ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದ ಚಳಿಯಲ್ಲಿ, ಎರಡು ಮೀಟರ್ ಕನ್ನಡಿಯ ದೂರದರ್ಶಕ ಇದೆ. ಅದನ್ನು ಆಡಿಸುವುದು ಹೊಸಕೋಟೆಯಲ್ಲಿ ಕೂತು, ಉಪಗ್ರಹದ ಮೂಲಕ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ಕೆಲಸ ಅದು. ಬಿರಿಯಾನಿ ಕ್ಯೂನಲ್ಲಿ ನಿಂತವರ ಪಕ್ಕದಲ್ಲಿ ಆಕಳಿಸುತ್ತಾ ನಿಂತಿರುವ ವ್ಯಕ್ತಿ ರಾತ್ರಿಯೆಲ್ಲ ಯಾವುದೋ ನಕ್ಷತ್ರಪುಂಜ ನೋಡಿಕೊಂಡು ಬಂದವರೂ ಇರಬಹುದು.

ಅವತ್ತು ಡಬ್ಬಗಳನ್ನು ವಾಪಸ್ ಇಡುವಾಗ ಇವಳು ಕೇಳಿದಳು, "ಮೈಸೂರಿನ ಗಸಗಸೆ ಹತ್ರ ಯಾರಾದ್ರೂ ಇದಾರಾ ಮಾಮ?" ಅದು ಗೊತ್ತಿಲ್ಲ, ಆದರೆ ಒಂದು ಗ್ರಹ ಇದೆ ಅಂತ 2016ರಲ್ಲಿ ಗೊತ್ತಾಗಿದೆ, ಅಲ್ಲಿ ಹನ್ನೊಂದು ದಿನಕ್ಕೇ ಒಂದು ವರ್ಷ ಮುಗಿಯುತ್ತದೆ ಅಂದೆ. ಹನ್ನೊಂದು ದಿನಕ್ಕೊಂದು ಬರ್ತ್‌ಡೇ ಅನ್ನೋದು ಅವಳಿಗೆ ತುಂಬಾ ಹಿಡಿಸಿತು. ಹಲೋ ಅಂತ ಹೇಳಿ ಕಳಿಸಿದರೆ ಮುಟ್ಟೋಕೆ ನಾಲ್ಕು ವರ್ಷದ ಮೇಲೆ ಬೇಕು, ಅವರು ತಕ್ಷಣ ಉತ್ತರ ಕೊಟ್ಟರೂ ಒಟ್ಟು ಎಂಟೂವರೆ ವರ್ಷ ಅಂತಲೂ ಹೇಳಿದೆ. ಈಗ ಮೂರನೇ ಕ್ಲಾಸು. ಬೆರಳು ಮಡಿಸಿ ಎಣಿಸಿದಳು.

"ಫಸ್ಟ್ ಪಿಯು ಆಗಿರುತ್ತಲ್ಲ ಮಾಮ. ಆಗ ಟ್ಯೂಷನ್ ಇರುತ್ತೆ, ಭಾನುವಾರ ಫೋನ್ ಮಾಡೋಕೆ ಹೇಳು."