ಚರ್ಮದ ಅಂಟನ್ನು ಕುದಿಸಬೇಡಿ

ಮರ ಜೋಡಿಸಲು ಹಚ್ಚುವ ಚರ್ಮದ ಅಂಟನ್ನು (ಪ್ರಾಣಿಗಳ ಚರ್ಮದಿಂದ ಮಾಡಿದ ಅಂಟು) ಡಬ್ಬಿಯಲ್ಲಿ ಹಾಕಿ ನೇರ ಗ್ಯಾಸ್ ಮೇಲೆ ಇಡಿ, ಕುದಿದಷ್ಟೂ ಹಿಡಿತ ಜಾಸ್ತಿ ಅಂತ ಒಂದು ವಾಟ್ಸಾಪ್ ಸಂದೇಶ ನಮ್ಮ ಕಾಸರಗೋಡು ಕಡೆ ಓಡಾಡುತ್ತಿದೆ. ಇದು ತಪ್ಪು. 60ರಿಂದ 65 ಡಿಗ್ರಿ ಸೆಲ್ಸಿಯಸ್ ಸಾಕು. ಕುದಿಸಿದರೆ ಅಂಟಿನ ಪ್ರೋಟೀನ್ ಎಳೆಗಳು ತುಂಡಾಗಿ ಹಿಡಿತ ಹೋಗುತ್ತದೆ. ನಾನೂ ಒಮ್ಮೆ ಕುದಿಸಿದ್ದೆ. ಹಲಸಿನ ಮರದ ಸ್ಟೂಲಿನ ಕಾಲು ವಾರದಲ್ಲೇ ಕೈಗೆ ಬಂತು. ವಾಸನೆಯಂತೂ ಕೇಳಬೇಡಿ!

ದುಬಾರಿ ಸಾಮಾನು ಬೇಕಿಲ್ಲ. ಅಂಟಿನ ಹರಳು ಮೊದಲು ತಣ್ಣೀರಲ್ಲಿ ನೆನೆದು ಉಬ್ಬಲಿ. ಆಮೇಲೆ ಗಾಜಿನ ಭರಣಿಗೆ ಹಾಕಿ, ನೀರಿರುವ ಹಳೇ ಪಾತ್ರೆಯೊಳಗೆ ಇಡಿ. ತಳಕ್ಕೊಂದು ಬಟ್ಟೆ ಹಾಕಿ, ಇಲ್ಲದಿದ್ದರೆ ಭರಣಿ ಬಿರಿದೀತು. ಉರಿ ಸಣ್ಣದಿರಲಿ, ನೀರಲ್ಲೊಂದು ಥರ್ಮಾಮೀಟರ್ ಇರಲಿ. ಬ್ರಶ್ ಎತ್ತಿದಾಗ ಅಂಟು ಜೇನಿನ ಹಾಗೆ ಧಾರೆಯಾಗಿ ಇಳಿದರೆ ಹದ ಬಂತು ಅಂತ ಲೆಕ್ಕ.