ರಾಜಸ್ಥಾನದ ಕಲ್ಲು, ರಷ್ಯಾದ ಗೊಂಬೆ, ಪ್ರಾಗ್‌ನ ರಸೀದಿ

1968ರ ಆಗಸ್ಟ್‌ನಲ್ಲಿ ಸೋವಿಯತ್ ಟ್ಯಾಂಕುಗಳು ಚೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್‌ಗೆ ನುಗ್ಗಿದಾಗ ಊರಿನವರು ಬೀದಿಬೀದಿಯ ನಾಮಫಲಕ ಕಿತ್ತು ಸೈನಿಕರ ದಾರಿ ತಪ್ಪಿಸಿದ್ದರು. ಈಗ ಫಲಕ ಹಾಕಿಯೇ ದಾರಿ ತಪ್ಪಿಸುತ್ತಾರೆ. ಚಾರ್ಲ್ಸ್ ಸೇತುವೆಗೆ ಹೋಗುವ ಕಾರ್ಲೋವಾ ಬೀದಿಯ ಅಂಗಡಿಗಳಲ್ಲಿ ‘ಅಪ್ಪಟ ಪ್ರಾಗ್ ಕಾಣಿಕೆ’ ಅಂತ ಸಾಲಾಗಿ ನಿಂತಿರುವುದು ರಷ್ಯಾದ ಮತ್ರಿಯೋಷ್ಕಾ, ಒಂದರೊಳಗೊಂದು ಕೂರುವ ಮರದ ಗೊಂಬೆ. ಪಕ್ಕದಲ್ಲಿ ಕೆಂಪು ನಕ್ಷತ್ರದ ತುಪ್ಪಳದ ಟೋಪಿ. ಅಂದು ಬೇಡವೆಂದರೂ ಬಂದವರನ್ನು ಇಂದು ಬೆಲೆಚೀಟಿ ಅಂಟಿಸಿ ಕೂರಿಸಿದ್ದಾರೆ.

ಹಸಿವಾದರೆ ‘ಹಳೇ ಬೊಹೀಮಿಯಾದ’ (ಪ್ರಾಗ್ ಇರುವ ಚೆಕ್ ಸೀಮೆಯ) ಟ್ರಡೆಲ್ನಿಕ್ ಇದೆ. ಉರುಳೆಗೆ ಹಿಟ್ಟು ಸುತ್ತಿ, ಸುಟ್ಟು, ಸಕ್ಕರೆ ಹೊರಳಿಸಿ, ಟೊಳ್ಳಿಗೆ ಐಸ್‌ಕ್ರೀಮ್ ತುಂಬುತ್ತಾರೆ. 2007ರಲ್ಲಿ ಈ ತಿಂಡಿಗೆ ಯೂರೋಪಿನ ಊರಗುರುತಿನ (ಜಿಐ ಟ್ಯಾಗ್) ರಕ್ಷಣೆ ಸಿಕ್ಕಿದ್ದು ಸ್ಲೊವಾಕಿಯಾದ ಸ್ಕಾಲಿತ್ಸ ಪಟ್ಟಣದ ಹೆಸರಲ್ಲಿ.

ದುಡ್ಡು ಬದಲಾಯಿಸುವ ಕಡೆ ‘0% ಕಮಿಷನ್’ ಎಂದು ಕಂಡರೆ ನಂಬಬಹುದು, ಕಮಿಷನ್ ಖಂಡಿತ ಇಲ್ಲ. ಅದನ್ನೆಲ್ಲ ವಿನಿಮಯ ದರದಲ್ಲೇ ಕತ್ತರಿಸಿಕೊಂಡಿರುತ್ತಾರೆ. ಅಳಿಯ ಅಲ್ಲ, ಮಗಳ ಗಂಡ. 2019ರಿಂದ ಒಂದು ಕಾನೂನಿದೆ: 1000 ಯೂರೊ ಒಳಗಿನ ವಹಿವಾಟನ್ನು ರಸೀದಿ ತೋರಿಸಿ 3 ಗಂಟೆಯೊಳಗೆ ರದ್ದು ಮಾಡಿಸಬಹುದು. ಆ 3 ಗಂಟೆ ಗೊಂಬೆ ನೋಡುತ್ತಾ ಕಳೆದರೆ ದೇವರೇ ಗತಿ.

‘ಸ್ಟಾರೊಝಿಟ್ನೊಸ್ತಿ’ ಎಂಬ ಬೋರ್ಡಿದ್ದರೆ ಹಳೆಯ ಸಾಮಾನಿನ ಅಂಗಡಿ. ಇಲ್ಲಿ ವಸ್ತುವಿಗಿಂತ ವಯಸ್ಸಿಗೆ ಬೆಲೆ. ‘ಇನ್ನೂರು ವರ್ಷದ್ದು’ ಎಂದು ಕೊಟ್ಟ ಹೂದಾನಿಯನ್ನು ಮಗುಚಿ ನೋಡಿ. ತಳದಲ್ಲಿ ‘ಚೆಕೊಸ್ಲೊವಾಕಿಯಾ’ ಅಂತ ಒತ್ತಿದ್ದರೆ, ಆ ಹೆಸರಿನ ದೇಶ ಹುಟ್ಟಿದ್ದೇ 1918ರಲ್ಲಿ. ಹೂದಾನಿ ದೇಶಕ್ಕಿಂತ ಮುಂಚೆ ಹುಟ್ಟಿ, ನಾಮಕರಣಕ್ಕೆ ಕಾದಿತ್ತೋ ಏನೋ. ಮುತ್ತಜ್ಜನ ಕಾಲದ ಗಡಿಯಾರಕ್ಕೆ ಪ್ಲಸ್ ಗುರುತಿನ ಸ್ಕ್ರೂ ಇದ್ದರೂ ಅನುಮಾನಿಸಿ. ಅದು ಬಳಕೆಗೆ ಬಂದದ್ದು 1930ರ ದಶಕದಲ್ಲಿ. ರಿಪೇರಿಗೆ ಒಂದೆರಡು ಹಾಕಿರಬಹುದು, ಎಲ್ಲವೂ ಅದೇ ಆದರೆ ಗಡಿಯಾರಕ್ಕಿಂತ ಕಥೆಯೇ ಹಳೆಯದು. ಹಿತ್ತಾಳೆಯಾದರೆ ಕೈ ತಾಗುವಲ್ಲಿ ನುಣ್ಣಗೆ ಸವೆದು, ಸಂದಿಯಲ್ಲಿ ಕಪ್ಪಾಗಿರಬೇಕು. ಎಲ್ಲೆಡೆ ಒಂದೇ ಹದದ ಕಪ್ಪಿದ್ದರೆ ಅದು ಕಾಲ ಕೊಟ್ಟ ಬಣ್ಣವಲ್ಲ, ಬಕೆಟ್ಟಿನ ರಾಸಾಯನಿಕ ಕೊಟ್ಟದ್ದು.

ಎಲ್ಲಕ್ಕೂ ಮಿಗಿಲಾದ ತಮಾಷೆ ಗಾರ್ನೆಟ್ ಎಂಬ ಹರಳು. ಬೊಹೀಮಿಯಾದ ಗಾರ್ನೆಟ್ ಎಂದರೆ ಪೈರೋಪ್, ನಮ್ಮ ಗೋಮೇಧಿಕದ ದಾಯಾದಿ. ಬೆಂಕಿಗೆಂಪು ಬಣ್ಣ, ಸಾಸಿವೆ-ಮೆಣಸಿನಷ್ಟು ಗಾತ್ರ. ಕಲ್ಲು ಚಿಕ್ಕದು ಎಂದೇ ಹಳೇ ಒಡವೆಗಳಲ್ಲಿ ಅದನ್ನು ದಾಳಿಂಬೆ ಕಾಳಿನಂತೆ ಒತ್ತೊತ್ತಾಗಿ ಕೂರಿಸುತ್ತಿದ್ದರು. ಹೆಬ್ಬೆರಳ ಉಗುರಿನಷ್ಟು ದೊಡ್ಡದಾಗಿ, ತುಸು ನೇರಳೆ ಹೊಡೆಯುವ ಒಂಟಿ ಕಲ್ಲು ತೋರಿಸಿದರೆ ಅದು ಬಹುಪಾಲು ಆಲ್ಮಂಡೈನ್, ಗಾರ್ನೆಟ್‌ನದೇ ಇನ್ನೊಂದು ಬಗೆ. ಅದರ ಹೆಸರಾಂತ ತವರುಗಳಲ್ಲಿ ರಾಜಸ್ಥಾನವೂ ಒಂದು. 3 ಗ್ರಾಂ ಮೀರಿದ ಬೆಳ್ಳಿಗೆ ಸರ್ಕಾರಿ ಠಸ್ಸೆ ಇರಲೇಬೇಕು, ಭೂತಗನ್ನಡಿಯಲ್ಲಿ ಹುಡುಕಿ. ಆದರೆ ಠಸ್ಸೆ ಬೆಳ್ಳಿಯ ಶುದ್ಧತೆಯ ಮಾತಾಡುತ್ತದೆ, ಕಲ್ಲಿನ ಊರು ಕೇಳಿದರೆ ತೆಪ್ಪಗಿರುತ್ತದೆ.

ಇಷ್ಟಾದ ಮೇಲೂ ಕೊಂಡಿರಾ? ಬಿಲ್ಲು 2,000 ಕೊರುನ (ಚೆಕ್ ನಾಣ್ಯ) ದಾಟಿದ್ದರೆ ತೆರಿಗೆ ವಾಪಸಾತಿಯ ಫಾರಂ ಕೇಳಿ ಪಡೆಯಿರಿ. ಒಡವೆಯನ್ನು ತೊಡದೆ ಇಟ್ಟುಕೊಂಡು, ಯೂರೋಪಿಯನ್ ಒಕ್ಕೂಟ ಬಿಡುವ ಕೊನೆಯ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಮುದ್ರೆ ಹಾಕಿಸಿ. ರಾಜಸ್ಥಾನದ ಕಲ್ಲು ಫಾರಿನ್ ರಿಟರ್ನ್ ಆಗಿ ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯುತ್ತದೆ.