ಕೋವಿಗೊಂದು ಮರ ಹುಡುಕುವ ಪ್ರಾರಬ್ಧ

ಚಕಮಕಿ ಕೋವಿಯನ್ನು ಕೈಯಾರೆ ಕಟ್ಟುವ ಹವ್ಯಾಸದವರಲ್ಲಿ ಎರಡು ಪಂಗಡಗಳಿವೆ. ಅಕ್ರೋಟು ಇಲ್ಲವೇ ಮೇಪಲ್ ಮರದ ಹಿಡಿ ಕೂರಿಸಿ ನೆಮ್ಮದಿಯಾಗಿ ನಿದ್ರಿಸುವವರು ಒಂದು ಕಡೆ. ಯಾರೂ ಬಳಸದ ಮರ ಯಾವುದೆಂದು ಹುಡುಕುತ್ತ ಮನೆಯವರ ನಿದ್ರೆಯನ್ನೂ ಕೆಡಿಸುವವರು ಇನ್ನೊಂದು ಕಡೆ. ನಾನು ಎರಡನೆಯ ಪಂಗಡದ ಕಾಯಂ ಸದಸ್ಯ.

ಕಬ್ಬಿಣದ ಭಾಗಗಳಲ್ಲಿ ನಮ್ಮ ಪ್ರತಿಭೆಗೆ ಹೆಚ್ಚು ಆಸ್ಪದವಿಲ್ಲ. ಕಲ್ಲು ಉಕ್ಕಿಗೆ ಬಡಿದು ಮದ್ದಿನ ಬಟ್ಟಲಿಗೆ ಕಿಡಿ ಉದುರಿಸುವ ಈ ಏರ್ಪಾಡು ಸುಮಾರು 1610ರ ಹೊತ್ತಿಗೆ ಫ್ರಾನ್ಸಿನಲ್ಲಿ ಹದಕ್ಕೆ ಬಂದು, ಮುಂದಿನ ಎರಡು ಶತಮಾನಗಳ ಕಾಲ ಹೇಳಿಕೊಳ್ಳುವಂಥ ಬದಲಾವಣೆಯಿಲ್ಲದೆ ನಡೆದುಬಂದಿತು. ಒಳಮೈ ನುಣುಪಾದ ನಳಿಗೆಯ ಲೆಕ್ಕವೂ ಸರಳ: ಅದಕ್ಕೆ ಹೊಂದುವ ಗುಂಡುಗಳು ಒಂದು ಪೌಂಡ್ ಸೀಸಕ್ಕೆ 20 ಆದರೆ ಅದು 20 ಬೋರಿನ ನಳಿಗೆ. ಆದ್ದರಿಂದ ಕಟ್ಟುವವನು ತನ್ನ ಅಹಂಕಾರವನ್ನು ಮೆರೆಸಲು ಉಳಿಯುವ ಜಾಗವೆಂದರೆ ಮರವೊಂದೇ, ಮತ್ತು ಆ ಅಹಂಕಾರವನ್ನು ಇಳಿಸುವ ಕೆಲಸವನ್ನೂ ಮರವೇ ವಹಿಸಿಕೊಂಡಿರುತ್ತದೆ.

ಉದಾಹರಣೆಗೆ ಪರ್ಪಲ್‌ಹಾರ್ಟ್. ಕೊಯ್ದಾಗ ಮಂಕು ಕಂದಾಗಿದ್ದು ಗಾಳಿ ಬೆಳಕು ತಾಗಿದಂತೆ ಅಚ್ಚ ನೇರಳೆಗೆ ತಿರುಗುವ ಈ ಮರವನ್ನು ಕಂಡವರಾರೂ ಅದರ ತೂಕವನ್ನು ವಿಚಾರಿಸುವುದಿಲ್ಲ. ಅಕ್ರೋಟು ಘನ ಮೀಟರಿಗೆ ಸುಮಾರು 600ರಿಂದ 650 ಕಿಲೋ ತೂಗಿದರೆ ಇದು 850ನ್ನು ದಾಟುತ್ತದೆ. ಕೋವಿ ಸಿದ್ಧವಾದ ಮೇಲೆ ಅದನ್ನು ಭುಜಕ್ಕೇರಿಸಿ ಗುರಿಯಿಡುವ ಹೊತ್ತಿಗೆ ತೋಳು ನಡುಗತೊಡಗಿ, ಗುರಿಹಲಗೆಯನ್ನು ಬಿಟ್ಟು ಉಳಿದೆಲ್ಲ ದಿಕ್ಕುಗಳತ್ತ ನಳಿಗೆಯ ಬಾಯಿ ತಿರುಗಿ ಬರುತ್ತದೆ. ಇಷ್ಟೆಲ್ಲ ಸಹಿಸಿಕೊಂಡರೂ ಆ ನೇರಳೆ ಬಣ್ಣ ಶಾಶ್ವತವಲ್ಲ. ಬಿಸಿಲಿಗೆ ಒಡ್ಡಿದಷ್ಟೂ ಕಂದಿ, ಕೊನೆಗೆ ನೋಡಲು ಬಂದವರು “ಒಳ್ಳೆಯ ಅಕ್ರೋಟು” ಎಂದು ಬೆನ್ನು ತಟ್ಟಿ ಹೋಗುತ್ತಾರೆ.

ಓಕ್ ಮರದ ಸಿಟ್ಟು ಬೇರೆ ಬಗೆಯದು. ಅದರಲ್ಲಿರುವ ಟ್ಯಾನಿನ್‌ಗೂ ಕಬ್ಬಿಣಕ್ಕೂ ತೇವ ಸಿಕ್ಕಿದರೆ ಸಾಕು, ಇಬ್ಬರೂ ಸೇರಿ ನೀಲಿಗಪ್ಪು ಶಾಯಿಯನ್ನು ತಯಾರಿಸುತ್ತಾರೆ. ಅರದ ಪುಡಿ ಮೆತ್ತಿದ ಬೆವರುಗೈಯಿಂದ ಹಿಡಿಯನ್ನು ಪ್ರೀತಿಯಿಂದ ಸವರಿದವನ ಐದು ಬೆರಳುಗಳೂ ಠಾಣೆಯ ದಾಖಲೆಯಂತೆ ಅಲ್ಲಿ ಮೂಡುತ್ತವೆ. ಬೀಟೆಯ ಜಾತಿಯ ಮರಗಳ ಧೂಳು ಕೆಲವರ ಮೈಗೆ ಆಗುವುದಿಲ್ಲ. ಸೂಕ್ಷ್ಮ ಕೆತ್ತನೆಯ ನಡುವೆ ಬರುವ ಸೀನಿಗೆ ಉಳಿಯನ್ನು ಎಷ್ಟು ದೂರ ಒಯ್ಯಬೇಕೆಂಬ ವಿವೇಚನೆ ಇರುವುದಿಲ್ಲ. ತೇಗದಲ್ಲಿರುವ ಸಿಲಿಕಾ ಉಳಿಯ ಬಾಯನ್ನು ಎಷ್ಟು ಬೇಗ ಮೊಂಡಾಗಿಸುತ್ತದೆಂದರೆ, ಕೆತ್ತುವುದಕ್ಕಿಂತ ಸಾಣೆ ಹಿಡಿಯುವುದರಲ್ಲೇ ದಿನ ಮುಗಿಯುತ್ತದೆ.

ಆದರೆ ನಿಜವಾದ ಪರೀಕ್ಷೆ, ಕಿಡಿ ಉದುರಿಸುವ ಯಂತ್ರವಾದ ಲಾಕನ್ನು ಮರದೊಳಗೆ ಕೂರಿಸುವಾಗ ಎದುರಾಗುತ್ತದೆ. ಲೋಹಕ್ಕೆ ದೀಪದ ಮಸಿಯನ್ನು ಸವರಿ, ಗೂಡಿಗೆ ಒತ್ತಿ ತೆಗೆದು, ಮಸಿ ಅಂಟಿದ ಕಡೆಯಷ್ಟೇ ಮರವನ್ನು ಹೆರೆಯುತ್ತ ಹೋಗುವುದು ಹಳೆಯ ಪದ್ಧತಿ. ಸಂಜೆಯ ಹೊತ್ತಿಗೆ ಆ ಮಸಿ ಮೂಗು, ಲೋಟ, ಬಾಗಿಲಿನ ಹಿಡಿಕೆ ಎಲ್ಲವನ್ನೂ ತಲುಪಿರುತ್ತದೆ ಎಂಬುದು ಬೇರೆ ಮಾತು. ಎಬೊನಿಯಂಥ ಕಪ್ಪು ಮರವನ್ನು ಆರಿಸಿಕೊಂಡವನಿಗೆ ಮಾತ್ರ ಮಸಿ ಎಲ್ಲಿ ಅಂಟಿದೆ, ಮರ ಎಲ್ಲಿ ಮುಗಿದಿದೆ ಎಂಬುದೇ ಕಾಣುವುದಿಲ್ಲ. ಅಂಥವರಿಗೆ ಕೆಂಪು ಲಿಪ್‌ಸ್ಟಿಕ್ ಬಳಸುವಂತೆ ಅನುಭವಿಗಳು ಸಲಹೆ ಕೊಡುತ್ತಾರೆ, ಮತ್ತು ಆ ಸಲಹೆ ಅಪ್ಪಟ ಸತ್ಯ. ಅದರ ಗುರುತು ಚೊಕ್ಕವಾಗಿ ಬೀಳುತ್ತದೆ. ಅನುಭವಿಗಳು ಹೇಳದೆ ಬಿಡುವ ಸಂಗತಿಯೆಂದರೆ, ಮನೆಯಿಂದ ಎರವಲು ತಂದ ಲಿಪ್‌ಸ್ಟಿಕ್ ಹಿಂದಿರುಗಿ ಹೋಗುವಾಗ ಅದರ ತುದಿಯಲ್ಲಿ ಎಬೊನಿಯ ಪುಡಿ ಅಂಟಿಕೊಂಡಿರುತ್ತದೆ ಮತ್ತು ಮದುವೆಗೆ ಹೊರಟು ನಿಂತವರಿಗೆ ಅದು ತುಟಿಗೆ ತಾಗಿದ ಮೇಲಷ್ಟೇ ಗೊತ್ತಾಗುತ್ತದೆ.

ಮದ್ದು ಜಡಿಯುವ ಕೋಲಿಗೆಂದು ನಳಿಗೆಯ ಕೆಳಗೆ ಉದ್ದನೆಯ ರಂಧ್ರ ಕೊರೆಯುವುದು ಎಲ್ಲಕ್ಕಿಂತ ಕೊನೆಯ ಗಂಡಾಂತರ. ಎಳೆ ನೆಟ್ಟಗಿರುವ ಮರದಲ್ಲಿ ಬೈರಿಗೆ ಹೇಳಿದ ಹಾದಿಯಲ್ಲಿ ಹೋಗುತ್ತದೆ. ಸುಳಿಯೆಳೆಯ ಮರದಲ್ಲಿ ಅದು ಮರದ ಮಾತನ್ನೇ ಕೇಳುತ್ತದೆ. ಸುಳಿಗಳ ಅಂದಕ್ಕೆ ಮರುಳಾಗಿ ಹಣ್ಣಿನ ಮರವೊಂದರ ದಿಮ್ಮಿಯನ್ನು ತಂದಿದ್ದ ಮಿತ್ರರೊಬ್ಬರ ಬೈರಿಗೆ ಒಳಗೆ ಹೋದದ್ದು ಮೂತಿಯ ಕಡೆಯಿಂದ, ಹೊರಗೆ ಇಣುಕಿದ್ದು ಹಿಡಿಯ ತಳದಿಂದ. ಅವರು ಒಂದು ಮಾತನ್ನೂ ಆಡದೆ ಹಿತ್ತಾಳೆಯ ತಗಡಿನಿಂದ ಅರ್ಧಚಂದ್ರವೊಂದನ್ನು ಕತ್ತರಿಸಿ ಆ ತೂತಿನ ಮೇಲೆ ಕೂರಿಸಿದರು. ಈಗ ಆ ಕೋವಿಯನ್ನು ನೋಡಿದವರೆಲ್ಲ ಮರದ ಹೆಸರನ್ನು ಕೇಳುವುದನ್ನೇ ಮರೆತು ಚಂದ್ರನನ್ನು ಹೊಗಳುತ್ತಾರೆ. ಒಬ್ಬರಂತೂ ತಮಗೆ ಕಟ್ಟಿಕೊಡುವ ಕೋವಿಯಲ್ಲಿಯೂ ಅದೇ ಜಾಗದಲ್ಲಿ ಅಂಥದ್ದೇ ಚಂದ್ರ ಬೇಕೆಂದು ಮುಂಗಡವನ್ನೇ ಕೊಟ್ಟು ಹೋಗಿದ್ದಾರೆ.